ಸಹಾಯ ಬೇಕು: ಅಂಟುವಾಳದ ಬೀಜ ಮೊಳೆಯುತ್ತಿಲ್ಲ

ನಮಸ್ಕಾರ. ಶಿರಸಿ ಹತ್ತಿರದ ನಮ್ಮ ತೋಟದ ಅಂಚಿಗೆ ಅಂಟುವಾಳದ ಗಿಡ ಹಾಕಬೇಕು ಅಂತಿದ್ದೇನೆ. ನಮ್ಮ ಕಡೆಯ ಜಾತಿಯೇ ಬೇಕು. ಮೂರು ಕಾಯಿ ಒಂದಕ್ಕೊಂದು ಅಂಟಿಕೊಂಡು ಬಿಡುತ್ತದಲ್ಲ, ಅದು. ಉತ್ತರ ಭಾರತದಿಂದ ಬರುವ ಗುಂಡು ರೀಠಾ ಬೇರೆ ಜಾತಿ.

ಬೀಜದ ಕವಚ ಕಲ್ಲಿನ ಹಾಗೆ ಗಟ್ಟಿ. ಇಡೀ ದಿನ ನೆನೆಸಿ ಹಾಕಿದರೂ ಮೊಳಕೆಯ ಸುಳಿವಿಲ್ಲ. ಮರಳು ಕಾಗದದಲ್ಲಿ ಉಜ್ಜಬೇಕಾ? ಬಿಸಿನೀರಲ್ಲಿ ಬಿಡಬೇಕಾ? ಸಗಣಿ ನೀರು ಅಂತಾರೆ ಕೆಲವರು. ದಯವಿಟ್ಟು ಮಾಡಿ ನೋಡಿದವರೇ ಹೇಳಿ, ಸುಮ್ನೆ ಎಲ್ಲೋ ಕೇಳಿದ್ದು ಬೇಡ.

ತೋಟದ ಕೆಳಗೆ ಮೀನಿನ ಹೊಂಡ ಇದೆ. ಕಾಯಿಯ ತಿರುಳಲ್ಲಿರುವ ಸಪೋನಿನ್‌ನಿಂದಲೇ ನೊರೆ ಬರುವುದು, ಮೀನಿಗೆ ಅದೇ ವಿಷ. ಹಿಂದೆ ಮೀನು ಹಿಡಿಯಲೂ ಬಳಸುತ್ತಿದ್ದರಲ್ವಾ? ಹಾಗಾಗಿ ಹೊಂಡದಿಂದ ಎಷ್ಟು ದೂರ ನೆಡಲಿ?

ಇನ್ನೊಂದು. ಕಾಯಿ ಕುದಿಸಿದ ನೀರು ರೇಷ್ಮೆ ಸೀರೆಗೆ, ಒಡವೆಗೆ ಚೆನ್ನಾಗಿ ಆಗುತ್ತದೆ. ಆದರೆ ಬೇಗ ಹುಳಿ ವಾಸನೆ ಹಿಡಿಯುತ್ತದೆ. ಪುಡಿ ಮಾಡಿಡೋಣ ಅಂದರೆ ಮನೆಯವರಿಗೆಲ್ಲ ಸೀನು, ಕಣ್ಣುರಿ ಜಾಸ್ತಿ. ಫ್ರಿಜ್ ಇಲ್ಲದೆ ನೀರನ್ನೇ ಕೆಡದಂತೆ ಇಡುವ ದಾರಿ ಇದೆಯಾ?

ನಾಟಿ ಜಾತಿಯ ಸಸಿ ಇದ್ದವರೂ ತಿಳಿಸಿ. ದುಡ್ಡು ಕೊಟ್ಟೇ ತರುತ್ತೇನೆ.