ಮಕ್ಕಳು, ಹಿರಿಯರು ಎಲ್ಲರೂ ಹತ್ತುವಂಥ ಬೆಟ್ಟ: ಆರಿಸುವುದು ಹೇಗೆ?

ಕೇಳಿದವರು

ಎಲ್ಲರಿಗೂ ನಮಸ್ಕಾರ. ಮನೆಯವರೆಲ್ಲ ಸೇರಿ ಒಂದು ಬೆಟ್ಟ ಹತ್ತೋಣ ಅಂತ ಆಸೆ. ಮಗನಿಗೆ 9 ವರ್ಷ, ಮಗಳಿಗೆ 4. ಅತ್ತೆಗೆ 66. ಅತ್ತೆ ದಿನಾ ವಾಕಿಂಗ್ ಮಾಡುತ್ತಾರೆ, ಆದರೆ ಮೆಟ್ಟಿಲು ಇಳಿಯುವಾಗ ಮೊಣಕಾಲು ಹಿಡಿದುಕೊಳ್ಳುತ್ತದೆ ಅನ್ನುತ್ತಾರೆ. ಅವರನ್ನು ಕೆಳಗೆ ಕೂರಿಸಿ ನಾವು ಮಾತ್ರ ಹತ್ತಿ ಬರುವುದು ನನಗೆ ಇಷ್ಟವಿಲ್ಲ. ಅರ್ಧ ದಿನದಲ್ಲಿ ಮುಗಿಯಬೇಕು, ಮೇಲಿಂದ ನಾಲ್ಕು ದಿಕ್ಕೂ ಚೆನ್ನಾಗಿ ಕಾಣಬೇಕು. ಹುಡುಕಿದರೆ ಎಲ್ಲ ಬೆಟ್ಟದ ಮುಂದೆಯೂ ‘ಸುಲಭ’ ಅಂತಲೇ ಬರೆದಿರುತ್ತಾರೆ. ಯಾರಿಗೆ ಸುಲಭ ಅಂತ ಗೊತ್ತಾಗಲ್ಲ. ಊರಿನ ಹೆಸರು ಬೇಡ. ಒಂದು ಬೆಟ್ಟ ನಮಗೆ ಆಗುತ್ತೋ ಇಲ್ಲವೋ ಅಂತ ಮನೆಯಲ್ಲೇ ಕೂತು ತಿಳಿಯುವುದು ಹೇಗೆ, ಹೋದ ಮೇಲೆ ಏನು ನೋಡಿಕೊಳ್ಳಬೇಕು, ಅನುಭವ ಇದ್ದವರು ಹೇಳಿ.

ನಕ್ಷೆ ನೋಡಿ ಹೊರಡುವವರೊಬ್ಬರು

ಹೆಚ್ಚಿನವರು ‘ಎಷ್ಟು ಕಿಲೋಮೀಟರ್’ ಅಂತ ಕೇಳಿ ಸುಮ್ಮನಾಗುತ್ತಾರೆ. ನಿಮ್ಮಂಥ ಗುಂಪಿಗೆ ಮೊದಲು ಬೇಕಾದ ಲೆಕ್ಕ ಅದಲ್ಲ. ಎಷ್ಟು ಮೀಟರ್ ಏರು ಅಂತ ನೋಡಿ.

ಬೆಟ್ಟದ ಎತ್ತರ ಬೇರೆ, ನೀವು ಹತ್ತುವ ಏರು ಬೇರೆ. ನೆತ್ತಿ 1,400 ಮೀಟರ್ ಎತ್ತರದಲ್ಲಿದ್ದು, ಗಾಡಿ 1,250 ಮೀಟರ್‌ವರೆಗೆ ಹೋಗುತ್ತದೆ ಅಂದುಕೊಳ್ಳಿ. ನೀವು ಕಾಲಲ್ಲಿ ಹತ್ತುವುದು 150 ಮೀಟರ್ ಮಾತ್ರ. ಇನ್ನೊಂದು ಬೆಟ್ಟ ಬರೀ 700 ಮೀಟರ್ ಇರಬಹುದು. ಆದರೆ ಅದರ ದಾರಿ 300 ಮೀಟರ್‌ನಿಂದ ಶುರುವಾಗುತ್ತದೆ ಅಂದರೆ 400 ಮೀಟರ್ ಹತ್ತಬೇಕು. ಹೆಸರು ಕೇಳಿದರೆ ಮೊದಲನೆಯದು ಭಾರಿ ಬೆಟ್ಟ ಅನ್ನಿಸುತ್ತದೆ. ನಿಮ್ಮ ಅತ್ತೆಗೆ ಆಗುವುದು ಅದೇ.

ಆಮೇಲೆ ಏರನ್ನು ದೂರಕ್ಕೆ ಹಂಚಿ ನೋಡಿ. ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ 100 ಮೀಟರ್ ಅಥವಾ ಅದಕ್ಕಿಂತ ಕಡಿಮೆ ಏರಿದರೆ ಮಾತಾಡುತ್ತಾ ಹತ್ತಬಹುದು. 200 ದಾಟಿತು ಅಂದರೆ ಮಾತು ನಿಲ್ಲುತ್ತದೆ, ಮಗು ಎತ್ತಿಕೋ ಅನ್ನುತ್ತದೆ. ಮೊದಲ ಸಲಕ್ಕೆ ಒಟ್ಟು ಏರು 150ರಿಂದ 200 ಮೀಟರ್ ಒಳಗೆ ಇರಲಿ ಅನ್ನುವುದು ನನ್ನ ಮಾತು. ಫೋನಿನ ನಕ್ಷೆಯಲ್ಲಿ ಎತ್ತರದ ಗೆರೆಗಳನ್ನು ಹಾಕಿಕೊಳ್ಳಿ. ಗೆರೆಗಳು ಬಿಡಿಬಿಡಿಯಾಗಿದ್ದರೆ ಮೆಲ್ಲಗಿನ ಏರು. ಒಂದಕ್ಕೊಂದು ಅಂಟಿಕೊಂಡ ಹಾಗೆ ಒತ್ತಾಗಿದ್ದರೆ ಕಡಿದಾದ ಜಾಗ. ದಾರಿಯ ಗೆರೆ ಆ ಒತ್ತು ಗೆರೆಗಳನ್ನು ನೇರವಾಗಿ ಕತ್ತರಿಸಿ ಹೋಗುತ್ತದೋ, ಇಲ್ಲ ಸುತ್ತಿ ಬಳಸಿ ಹೋಗುತ್ತದೋ ನೋಡಿ. ಬಳಸಿ ಹೋಗುವ ದಾರಿಯೇ ನಿಮ್ಮದು. ನಡುವೆ ಇಳಿದು ಮತ್ತೆ ಏರುವ ದಾರಿಯಾದರೆ ಆ ಏರನ್ನೂ ಲೆಕ್ಕಕ್ಕೆ ಸೇರಿಸಿ. ವಾಪಸ್ ಬರುವಾಗ ಸುಸ್ತಾದ ಕಾಲಲ್ಲಿ ಇನ್ನೊಮ್ಮೆ ಹತ್ತಬೇಕಾಗುತ್ತದೆ.

ಸಮಯಕ್ಕೆ ಹಳೆಯ ಲೆಕ್ಕ ಒಂದಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ್ದು. ಐದು ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೋಗಿ ಬರುವುದು ಸೇರಿ ನಾಲ್ಕು ಕಿಲೋಮೀಟರ್, ಏರು 200 ಮೀಟರ್ ಅಂದರೆ ದೂರಕ್ಕೆ 48 ನಿಮಿಷ, ಏರಿಗೆ 20 ನಿಮಿಷ. ಇದು ಗಟ್ಟಿಮುಟ್ಟಾದವರು ನಿಲ್ಲದೆ ನಡೆದರೆ. ನಾಲ್ಕು ವರ್ಷದ ಮಗು ಇದ್ದರೆ ನಾನು ಅದನ್ನು ಎರಡು ಪಟ್ಟು ಮಾಡುತ್ತೇನೆ, ಮೇಲೆ ಕೂರುವ ಸಮಯ ಬೇರೆ ಸೇರಿಸುತ್ತೇನೆ. ಅಲ್ಲಿಗೆ ಮೂರೂವರೆ ಗಂಟೆ ಇಟ್ಟುಕೊಂಡರೆ ಯಾರನ್ನೂ ಅವಸರ ಮಾಡಬೇಕಾಗಿಲ್ಲ.

ಇಬ್ಬರು ಮಕ್ಕಳ ಅಮ್ಮ

ಮೇಲೆ ಹೇಳಿದ ಲೆಕ್ಕ ಸರಿ. ಆದರೆ ಮಕ್ಕಳು ಲೆಕ್ಕದ ಪ್ರಕಾರ ನಡೆಯಲ್ಲ. ಬೆಟ್ಟ ಬೇಜಾರಾದರೆ 500 ಮೀಟರ್‌ಗೇ ಕಾಲು ನೋವು. ಹತ್ತಿ ಇಳಿಯಲು ಬಂಡೆ, ದಾಟಲು ಸಣ್ಣ ತೊರೆ, ನುಸುಳಲು ಕಲ್ಲಿನ ಸಂದು ಇದ್ದರೆ ಅದೇ ಮಕ್ಕಳು ದಾರಿಗಿಂತ ಡಬಲ್ ಓಡಾಡುತ್ತಾರೆ. ಅಗಲವಾದ ಟಾರು ರಸ್ತೆ ದೊಡ್ಡವರಿಗೆ ಸುಲಭ, ಮಕ್ಕಳಿಗೆ ಹಿಂಸೆ. ಕಾಲುದಾರಿ ಹುಡುಕಿ.

ನಿಮ್ಮ ಮಗಳನ್ನು ಮುಂದೆ ಬಿಡಿ. ಸಣ್ಣವರು ಮುಂದಿದ್ದರೆ ಗುಂಪಿನ ವೇಗ ತಾನಾಗಿ ಸರಿಯಾಗುತ್ತದೆ. ಹಿಂದೆ ಹಾಕಿದರೆ ಅವರು ಓಡಿ ಬಂದು ನಿಮ್ಮನ್ನು ಸೇರುವಷ್ಟರಲ್ಲಿ ನಿಮ್ಮ ವಿಶ್ರಾಂತಿ ಮುಗಿದಿರುತ್ತದೆ, ನೀವು ಮತ್ತೆ ಹೊರಟಿರುತ್ತೀರಿ. ಪಾಪ, ಅವರಿಗೆ ಕೂರಲು ಸಿಗುವುದೇ ಇಲ್ಲ. ನನ್ನ ಚಿಕ್ಕವಳು ಒಮ್ಮೆ ಒಂದು ಬಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಇರುವೆಗಳ ಸಾಲು ಸತ್ತ ಜೀರುಂಡೆಯೊಂದನ್ನು ಬಿರುಕಿನ ಒಳಗೆ ಎಳೆಯುತ್ತಿತ್ತು. ರೆಕ್ಕೆ ಅಡ್ಡ ಸಿಕ್ಕಿ ಒಳಗೆ ಹೋಗುತ್ತಿಲ್ಲ. ಇರುವೆಗಳು ಅದನ್ನು ತಿರುಗಿಸಿ, ಇನ್ನೊಂದು ಮಗ್ಗುಲಿಂದ ಎಳೆದು ಒಳಗೆ ಸೇರಿಸುವವರೆಗೂ ಅವಳು ಏಳಲಿಲ್ಲ. ಅಂಥ ನಿಲುಗಡೆಗೆ ಸಮಯ ಇಟ್ಟುಕೊಂಡೇ ಹೊರಡಿ. ನನ್ನ ಪ್ರಕಾರ ಬೆಟ್ಟಕ್ಕೆ ಹೋಗುವುದರಲ್ಲಿ ಅರ್ಧ ಸುಖ ಇರುವುದೇ ಅಲ್ಲಿ.

ಒಂಬತ್ತು ವರ್ಷದವನಿಗೆ ಕೆಲಸ ಕೊಡಿ. ನಕ್ಷೆ ಅವನ ಕೈಯಲ್ಲಿರಲಿ, ಮುಂದಿನ ತಿರುವು ಎಲ್ಲಿ ಅಂತ ಅವನೇ ಹೇಳಲಿ. ಸಣ್ಣ ಚೀಲದಲ್ಲಿ ತನ್ನ ನೀರು, ತನ್ನ ಜರ್ಕಿನ್ ತಾನೇ ಹೊರಲಿ.

ಕೊನೆಯದು: ಹಿಂದಿನ ದಿನ ಎಲ್ಲರ ಕಾಲಿನ ಉಗುರು ಕತ್ತರಿಸಿ. ಇಳಿಯುವಾಗ ಪಾದ ಶೂ ಒಳಗೆ ಮುಂದಕ್ಕೆ ಜಾರಿ ಉಗುರಿಗೆ ಒತ್ತುತ್ತದೆ. ಮಕ್ಕಳು ಅಳುವುದಕ್ಕೆ ಎಷ್ಟೋ ಸಲ ಅದೇ ಕಾರಣ, ಅವರಿಗೆ ಹೇಳಲು ಬರಲ್ಲ. ಅದೇ ದಿನ ಹೊಸ ಶೂ ಬೇಡ.

ಅಪ್ಪನ ಜೊತೆ ನಡೆಯುವವರೊಬ್ಬರು

ನಿಮ್ಮ ಅತ್ತೆಯ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನನ್ನ ಅಪ್ಪನಿಗೂ ಅದೇ ತೊಂದರೆ. ಎಲ್ಲರೂ ಹತ್ತುವುದಕ್ಕೆ ಹೆದರುತ್ತಾರೆ. ಹತ್ತುವಾಗ ಕಷ್ಟಪಡುವುದು ಉಸಿರು, ಅದು ನಿಂತರೆ ಎರಡು ನಿಮಿಷದಲ್ಲಿ ಸರಿಹೋಗುತ್ತದೆ. ಮೊಣಕಾಲಿನ ಪರೀಕ್ಷೆ ಇಳಿಯುವಾಗ. ಪ್ರತಿ ಹೆಜ್ಜೆಯಲ್ಲೂ ಮೈಭಾರ ಕೆಳಕ್ಕೆ ಬೀಳುತ್ತದೆ, ತೊಡೆಯ ಸ್ನಾಯು ಹಿಗ್ಗುತ್ತಲೇ ಅದನ್ನು ತಡೆಯಬೇಕು. ಅದಕ್ಕೇ ಮರುದಿನ, ಅದರ ಮರುದಿನ ತೊಡೆ ನೋಯುವುದು. ಹಾಗಾಗಿ ‘ಗಾಡಿಯಲ್ಲಿ ಮೇಲೆ ಹೋಗಿ ನಡೆದು ಇಳಿಯಲಿ, ಅದು ಸುಲಭ’ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮೊಣಕಾಲು ನೋವಿದ್ದವರಿಗೆ ಅದರ ತಿರುಗುಮುರುಗು ಒಳ್ಳೆಯದು: ನಡೆದು ಹತ್ತಿ, ರಸ್ತೆ ಇದ್ದರೆ ಗಾಡಿಯಲ್ಲಿ ಇಳಿಯುವುದು.

ಮೆಟ್ಟಿಲಿರುವ ಬೆಟ್ಟ ಸುಲಭ ಅಂತ ಅನೇಕರ ನಂಬಿಕೆ. ನಾನು ಒಪ್ಪಲ್ಲ. ಎತ್ತರೆತ್ತರದ ಕಲ್ಲು ಮೆಟ್ಟಿಲಿಗಿಂತ ಮೆಲ್ಲಗಿನ ಮಣ್ಣಿನ ಇಳಿಜಾರು ಮೊಣಕಾಲಿಗೆ ಹಿತ. ಇಳಿಜಾರಿನಲ್ಲಿ ಹೆಜ್ಜೆಯನ್ನು ಎಷ್ಟು ಬೇಕೋ ಅಷ್ಟು ಚಿಕ್ಕದು ಮಾಡಿಕೊಳ್ಳಬಹುದು. ಮೆಟ್ಟಿಲಿನಲ್ಲಿ ಆ ಸ್ವಾತಂತ್ರ್ಯ ಇಲ್ಲ, ಕಟ್ಟಿದವನು ಇಟ್ಟ ಎತ್ತರಕ್ಕೇ ಕಾಲಿಡಬೇಕು.

ಎರಡು ಊರುಗೋಲು ತೆಗೆದುಕೊಳ್ಳಿ, ಒಂದಲ್ಲ. ನೆಟ್ಟಗೆ ನಿಂತು ಹಿಡಿದಾಗ ಮೊಣಕೈ ಲಂಬಕೋನದಲ್ಲಿ ಇರಬೇಕು, ಇಳಿಯುವಾಗ ಸ್ವಲ್ಪ ಉದ್ದ ಮಾಡಿಕೊಳ್ಳಬೇಕು. ಕೋಲನ್ನು ಮೊದಲು ಕೆಳಗೆ ಊರಿ ಆಮೇಲೆ ಕಾಲಿಡುವುದು ರೂಢಿಯಾದರೆ ಮೊಣಕಾಲಿನ ಮೇಲಿನ ಭಾರ ಚೆನ್ನಾಗಿ ಕಡಿಮೆಯಾಗುತ್ತದೆ. ಹೋಗುವ ಮೊದಲು ವಾಕಿಂಗ್‌ನಲ್ಲೇ ನಾಲ್ಕು ದಿನ ಹಿಡಿದು ಅಭ್ಯಾಸ ಮಾಡಲಿ. ಬೆಟ್ಟದಲ್ಲಿ ಮೊದಲ ಸಲ ಹಿಡಿದರೆ ಕೋಲೇ ಕಾಲಿಗೆ ತೊಡಕು.

ಹಾಸುಬಂಡೆ ಮೇಲೆ ಉದುರಿದ ಗರಸು ಇರುವ ಜಾಗದಲ್ಲಿ ಹುಷಾರು. ಒಣಗಿದ ಬಂಡೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಕಡಲೆ ಗಾತ್ರದ ಆ ಕಲ್ಲುಗಳು ಅಡಿಗಾಲಿನ ಕೆಳಗೆ ಉರುಳುತ್ತವೆ. ಅಲ್ಲಿ ಹಿಮ್ಮಡಿ ಊರದೆ ಇಡೀ ಪಾದ ಊರಿ ನಡೆಯಲು ಹೇಳಿ.

ಫೋಟೊ ತೆಗೆಯುವವರು

ನೋಟದ ವಿಷಯ ಯಾರೂ ಹೇಳಲಿಲ್ಲ. ಹೆಚ್ಚು ಎತ್ತರ ಹೋದಷ್ಟೂ ಹೆಚ್ಚು ಕಾಣುತ್ತದೆ ಅನ್ನುವುದು ನಿಜ, ಆದರೆ ಲೆಕ್ಕ ನೀವಂದುಕೊಂಡ ಹಾಗಿಲ್ಲ. ಸುತ್ತಲಿನ ಬಯಲಿಗಿಂತ 100 ಮೀಟರ್ ಮೇಲೆ ನಿಂತರೆ ದಿಗಂತ ಸುಮಾರು 36 ಕಿಲೋಮೀಟರ್ ದೂರ. 400 ಮೀಟರ್ ಮೇಲೆ ನಿಂತರೆ 71. ನಾಲ್ಕು ಪಟ್ಟು ಹತ್ತಿದರೂ ಎರಡು ಪಟ್ಟು ಮಾತ್ರ ನೋಟ. ಬಯಲ ನಡುವೆ ಒಂಟಿಯಾಗಿ ಎದ್ದ ಸಣ್ಣ ಗುಡ್ಡ ಸಿಕ್ಕರೆ ಬಿಡಬೇಡಿ. ಸುತ್ತ ಇನ್ನೂ ಎತ್ತರದ ಬೆಟ್ಟಗಳಿಂದ ಮುಚ್ಚಿಹೋದ, ನೆತ್ತಿಯವರೆಗೂ ಮರ ತುಂಬಿದ ದೊಡ್ಡ ಬೆಟ್ಟಕ್ಕಿಂತ ಅದು ಎಷ್ಟೋ ಮೇಲು. ಮೇಲಿನಿಂದ ತೆಗೆದ ಚಿತ್ರಗಳನ್ನು ನೋಡಿ, ಮರ ಅಡ್ಡ ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ದೂರವೆಲ್ಲ ಮಸುಕಾಗಿ ಒಂದೇ ಬಣ್ಣಕ್ಕೆ ತಿರುಗುತ್ತದೆ. ಬೆಳಗ್ಗೆ ಓರೆ ಬಿಸಿಲಲ್ಲಿ ಒಂದರ ಹಿಂದೊಂದು ಗುಡ್ಡದ ಸಾಲು ಬೇರೆಬೇರೆಯಾಗಿ ಕಾಣುತ್ತವೆ. ಮಳೆ ಸುರಿದು ಹೊಳವಾದ ಮರುದಿನ ಬೆಳಗ್ಗೆ ಹೋಗಲು ಸಾಧ್ಯವಾದರೆ ಇನ್ನೇನೂ ಬೇಡ. ಬಂಡೆ ಒದ್ದೆ ಇರುತ್ತದೆ, ಪಾಚಿ ಇದ್ದ ಕಡೆ ಜೋಕೆ.

ಕೇಳಿದವರು

ತುಂಬಾ ಥ್ಯಾಂಕ್ಸ್. ಅತ್ತೆಗೆ ಓದಿ ಹೇಳಿದೆ, ಊರುಗೋಲಿಗೆ ಒಪ್ಪಿದ್ದಾರೆ. ಎರಡು ಅನುಮಾನ. ಮಗಳನ್ನು ಬೆನ್ನಿಗೆ ಕಟ್ಟಿಕೊಳ್ಳುವ ಚೀಲ ತರುವುದಾ? ಮತ್ತೆ, ಅರ್ಧದಲ್ಲಿ ಒಬ್ಬರಿಗೆ ಆಗಲ್ಲ ಅಂದರೆ?

ಇಬ್ಬರು ಮಕ್ಕಳ ಅಮ್ಮ

ನಾಲ್ಕು ವರ್ಷದವಳಿಗೆ ಚೀಲ ಬೇಡ. ತಂದರೆ ಕಾರಿನಿಂದ ಇಳಿದ ಕೂಡಲೇ ಅದರಲ್ಲಿ ಕೂರುತ್ತಾಳೆ! ಅಗತ್ಯಬಿದ್ದರೆ ಹೆಗಲ ಮೇಲೆ ಸ್ವಲ್ಪ ದೂರ ಹೊರಬಹುದು, ಕಡಿದಾದ ಇಳಿಜಾರಿನಲ್ಲಿ ಮಾತ್ರ ಬೇಡ. ಒಂದು ವರ್ಷದ ಒಳಗಿನ ಮಗುವಾದರೆ ಚೀಲ ಬೇಕು. ಆದರೆ ಕತ್ತು ಗಟ್ಟಿಯಾಗಿ ತಾನೇ ಕೂರುವಂತಾದ ಮೇಲೆಯೇ ಬೆನ್ನಿನ ಚೀಲ. ಹೊತ್ತವರಿಗೆ ಬೆವರು ಬರುತ್ತಿರುತ್ತದೆ, ಅಲುಗಾಡದೆ ಕೂತ ಮಗುವಿಗೆ ಗಾಳಿಯಲ್ಲಿ ಚಳಿ ಹತ್ತಿರುತ್ತದೆ. ಆಗಾಗ ಅದರ ಕತ್ತಿನ ಹಿಂದೆ, ಎದೆಯ ಮೇಲೆ ಮುಟ್ಟಿ ನೋಡುತ್ತಿರಬೇಕು.

ನಕ್ಷೆ ನೋಡಿ ಹೊರಡುವವರೊಬ್ಬರು

ಎರಡನೆಯದಕ್ಕೆ ನಾನು ಹೇಳುತ್ತೇನೆ. ಹೋದ ದಾರಿಯಲ್ಲೇ ವಾಪಸ್ ಬರುವ ಬೆಟ್ಟ ಆರಿಸಿ. ಸುತ್ತಿ ಬರುವ ದಾರಿ ಚೆಂದ, ಆದರೆ ಅರ್ಧ ದಾಟಿದ ಮೇಲೆ ಹಿಂತಿರುಗಿದರೂ ಅಷ್ಟೇ ದೂರ, ಮುಂದೆ ಹೋದರೂ ಅಷ್ಟೇ ದೂರ. ನಡುವೆ ಎಲ್ಲಾದರೂ ಬಯಲು ಕಾಣುವ ಬಂಡೆ ಇರುವ ದಾರಿಯಾದರೆ ಇನ್ನೂ ಒಳ್ಳೆಯದು. ಸುಸ್ತಾದರೆ ಅದೇ ನಿಮ್ಮ ಆ ದಿನದ ತುದಿ. ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗಬೇಕು ಅಂತ ಕೆಳಗೇ ಮಾತಾಡಿಕೊಳ್ಳಿ. ಮೇಲೆ ಹೋದ ಮೇಲೆ ‘ಇನ್ನೊಂದು ಹತ್ತು ನಿಮಿಷ’ ಅಂತ ಎಲ್ಲರಿಗೂ ಅನ್ನಿಸುತ್ತದೆ. ಗುಂಪು ಒಡೆಯುವುದಾದರೆ ಎರಡೂ ಕಡೆ ಒಬ್ಬೊಬ್ಬ ದೊಡ್ಡವರು, ಒಂದೊಂದು ಫೋನ್, ನೀರು ಇರಲಿ. ನಕ್ಷೆ ಮೊದಲೇ ಇಳಿಸಿಕೊಂಡಿರಿ. ಸಿಗ್ನಲ್ ಇಲ್ಲದ ಕಡೆ ಫೋನ್ ಹುಡುಕಿ ಹುಡುಕಿ ಬ್ಯಾಟರಿ ಖಾಲಿ ಮಾಡುತ್ತದೆ, ಫ್ಲೈಟ್ ಮೋಡ್‌ಗೆ ಹಾಕಿ.

ಬೆಟ್ಟದ ತಪ್ಪಲಲ್ಲಿ ಬೆಳೆದವರು

ನೋಟ ಚೆನ್ನಾಗಿರುವ ಜಾಗ ಅಂದರೆ ಅಂಚು ಇರುವ ಜಾಗ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮೇಲೆ ಮುಟ್ಟಿದ ಸಂತೋಷದಲ್ಲಿ ಮಕ್ಕಳು ಓಡುತ್ತಾರೆ, ದೊಡ್ಡವರು ಫೋಟೊಗೆ ಹಿಂದೆ ಹಿಂದೆ ಸರಿಯುತ್ತಾರೆ. ನೆತ್ತಿ ಕಾಣುವ ಮೊದಲೇ ಸಣ್ಣವಳ ಕೈ ಹಿಡಿದುಕೊಳ್ಳಿ. ಮೊದಲು ಕೂರಿಸಿ, ಆಮೇಲೆ ನೋಡಿ, ಆಮೇಲೆ ಫೋಟೊ. ಕಲ್ಲು ಕೆಳಕ್ಕೆ ಉರುಳಿಸುವ ಆಟ ಖಂಡಿತ ಬೇಡ, ಕೆಳಗಿನ ತಿರುವಿನಲ್ಲಿ ಇನ್ನೊಂದು ಮನೆಯವರು ಹತ್ತುತ್ತಿರುತ್ತಾರೆ.

ಗುಡುಗು ಕೇಳಿಸಿದರೆ ಮಾತಿಲ್ಲ, ಇಳಿಯಬೇಕು. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. 30ರ ಒಳಗೆ ಬಂದರೆ ಹತ್ತು ಕಿಲೋಮೀಟರ್ ಒಳಗೇ ಇದೆ ಅಂತ, ಮುಂದಿನದು ನೀವಿದ್ದಲ್ಲೇ ಬೀಳಬಹುದು. ಬೋಳು ನೆತ್ತಿ, ಒಂಟಿ ಮರ ಎರಡೂ ಅಪಾಯ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಹತ್ತಬೇಡಿ. ಬಂಡೆಯ ಕೆಳಗೆ ಹೆಜ್ಜೇನು ಕಟ್ಟಿದ್ದರೆ ಅಲ್ಲಿ ಕೂಗಾಟ, ಹೊಗೆ ಯಾವುದೂ ಬೇಡ, ಸದ್ದಿಲ್ಲದೆ ದಾಟಿ ಹೋಗಿ.

ಮಗನ ಕುತ್ತಿಗೆಗೆ ಒಂದು ಸೀಟಿ ಹಾಕಿ. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ಊದಿದರೆ ಸಹಾಯ ಬೇಕು ಅಂತ ಅರ್ಥ. ಇಬ್ಬರಿಗೂ ಹೇಳಿಕೊಡಿ: ಯಾರೂ ಕಾಣದೆ ಹೋದರೆ ಹುಡುಕಿಕೊಂಡು ಹೋಗಬೇಡ, ಹತ್ತಿರದ ಮರದ ಪಕ್ಕ ನಿಂತುಬಿಡು, ನಾವೇ ಬರುತ್ತೇವೆ. ಇದನ್ನು ಮನೆಯಲ್ಲೇ ಆಟದ ಹಾಗೆ ಆಡಿಸಿ. ಹೆದರಿಸಿ ಹೇಳಿದರೆ ನೆನಪಿರಲ್ಲ.

ಕೇಳಿದವರು

ನಕ್ಷೆ ಇಟ್ಟುಕೊಂಡು ಮಗನೂ ನಾನೂ ಕೂತಿದ್ದೆವು. ಏರು 170 ಮೀಟರ್, ಒಂದು ಕಡೆಗೆ ಎರಡು ಕಿಲೋಮೀಟರ್, ಬಳಸು ದಾರಿ, ಒಂಟಿ ಗುಡ್ಡ, ಮುಕ್ಕಾಲು ದಾರಿಯಲ್ಲಿ ಒಂದು ಹಾಸುಬಂಡೆ. ಅವನೇ ಹುಡುಕಿದ್ದು. ಬೆಳಗ್ಗೆ ಬೇಗ ಹೊರಟು ಹತ್ತೂವರೆಗೆ ಎಲ್ಲಿದ್ದರೂ ತಿರುಗುವುದು ಅಂತ ಮಾತಾಡಿಕೊಂಡಿದ್ದೇವೆ. ಒಂದೇ ಒಂದು ಉಳಿಯಿತು: ಇಳಿಯುವಾಗಲೂ ಮಗಳೇ ಮುಂದೆ ಇರಬೇಕಾ?

ಅಪ್ಪನ ಜೊತೆ ನಡೆಯುವವರೊಬ್ಬರು

ಇಲ್ಲ, ಇಳಿಯುವಾಗ ಒಬ್ಬ ದೊಡ್ಡವರು ಮುಂದೆ. ಇಳಿಜಾರಿನಲ್ಲಿ ಮಗು ಓಡಲು ಶುರು ಮಾಡಿದರೆ ತಾನಾಗಿ ನಿಲ್ಲಲು ಆಗಲ್ಲ, ಕೆಳಗೆ ಹಿಡಿಯುವವರು ಬೇಕು. ಅವರ ಹಿಂದೆ ಮಗಳು, ಆಮೇಲೆ ಮಗ. ಅತ್ತೆ ತಮ್ಮ ಹೆಜ್ಜೆಯಲ್ಲಿ ಬರಲಿ, ಕಷ್ಟದ ಜಾಗದಲ್ಲಿ ಇನ್ನೊಬ್ಬ ದೊಡ್ಡವರು ಅವರಿಗಿಂತ ಒಂದು ಹೆಜ್ಜೆ ಕೆಳಗೆ ನಿಂತು ಕೈ ಕೊಡಲಿ. ಮೇಲಿನಿಂದ ತೋಳು ಹಿಡಿದು ಎಳೆಯಬೇಡಿ, ಅದರಿಂದ ಅವರ ಹದ ತಪ್ಪುತ್ತದೆ.