ಪದಚರ್ಚೆ: ತೂಕ ಇಳಿಸಿದ ಮೇಲೆ ‘ಇಳಿದ’ ಎದೆ, ಅದನ್ನು ‘ಎತ್ತುವ’ ಶಸ್ತ್ರಚಿಕಿತ್ಸೆ

ಎಲ್ಲರಿಗೂ ನಮಸ್ಕಾರ.

ಎಂಟು ಪುಟದ ಒಂದು ಕೈಪಿಡಿ ಹದಿನೈದು ದಿನಗಳಿಂದ ನನ್ನ ಮೇಜು ಬಿಟ್ಟು ಕದಲುತ್ತಿಲ್ಲ. ಹುಬ್ಬಳ್ಳಿಯ ಪ್ಲಾಸ್ಟಿಕ್ ಸರ್ಜನ್ ಒಬ್ಬರು ತಮ್ಮಲ್ಲಿಗೆ ಬರುವ ಹೆಂಗಸರಿಗಾಗಿ ಕನ್ನಡದಲ್ಲಿ ಬೇಕೆಂದು ಕೊಟ್ಟದ್ದು. ತೂಕ ಬಹಳ ಇಳಿಸಿಕೊಂಡವರ ಸ್ತನ ಇಳಿಬಿದ್ದಾಗ, ಒಳಗೆ ಸಿಲಿಕೋನ್ ಚೀಲ ಇಡದೆ, ಇರುವ ಚರ್ಮ ಮಾಂಸದಲ್ಲೇ ಅದನ್ನು ಮೇಲಕ್ಕೆ ತರುವ ವಿಧಾನಗಳು ಯಾವುವು, ಯಾವುದು ಯಾರಿಗೆ ಸರಿ ಎಂಬುದು ವಿಷಯ. ಕೊನೆಯ ಪುಟದಲ್ಲಿ ಸಹಿ ಹಾಕಬೇಕು. ಹಾಕುವವಳಿಗೆ ಅರ್ಥವಾಗಿಯೇ ಹಾಕಬೇಕು ಎಂಬುದು ವೈದ್ಯರ ಹಟ, ನನ್ನದೂ ಅದೇ.

ಮೊದಲ ಕರಡನ್ನು ನನ್ನ ತಂಗಿಯ ಮಗಳಿಗೆ ಓದಲು ಕೊಟ್ಟೆ. ಗದಗದಲ್ಲಿ ಶಾಲಾ ಶಿಕ್ಷಕಿ. ಎರಡು ವರ್ಷಗಳಲ್ಲಿ ನಲವತ್ತೆರಡು ಕಿಲೋ ಇಳಿಸಿದ್ದಾಳೆ, ಈ ಚಿಕಿತ್ಸೆ ಅವಳಿಗೇ ಬೇಕಾಗಿದೆ. ಓದಿ ಮುಗಿಸಿದವಳು, “ದೊಡ್ಡವ್ವಾ, ಇದು ಅಮರಕೋಶದಲ್ಲಿ ಬರುವ ಹೆಂಗಸಿನ ಮೈ ಇದ್ದಂತಿದೆ. ನನ್ನದಲ್ಲ” ಎಂದಳು. ಅಲ್ಲಿಂದ ಶುರುವಾಯಿತು ನನ್ನ ಪೀಕಲಾಟ. ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲನೆಯದು ತೂಕ. ‘ತೂಕ ಕಳೆದುಕೊಂಡ ನಂತರ’ ಎಂದು ಬರೆದಿದ್ದೆ. ನಾವು ಕಳೆದುಕೊಳ್ಳುವುದು ಉಂಗುರವನ್ನು, ಬಸ್ ಪಾಸನ್ನು. ತೂಕವನ್ನು ಇಳಿಸುತ್ತೇವೆ. ಇದನ್ನು ತಿದ್ದಲು ಕಷ್ಟವಾಗಲಿಲ್ಲ. ಆದರೆ ಇಳಿಸಿದವಳನ್ನು ಕಂಡು ಓಣಿಯವರು ಏನೆನ್ನುತ್ತಾರೆ? “ಎಷ್ಟು ಬಡವಾಗಿದ್ದೀಯಲ್ಲೇ!” ನಮ್ಮಲ್ಲಿ ಸಣ್ಣಗಾದವರು ಬಡವಾಗುತ್ತಾರೆ, ಇಲ್ಲವೇ ಸೊರಗುತ್ತಾರೆ. ಬೇಕೆಂದೇ, ಕಷ್ಟಪಟ್ಟು ಸಣ್ಣಗಾದದ್ದಕ್ಕೆ ಶಹಬಾಸ್ ಹೇಳುವ ಕ್ರಿಯಾಪದವೇ ಇಲ್ಲ. ಇದು ಕೈಪಿಡಿಗೆ ಬೇಕಾದ ಮಾತಲ್ಲ, ಆದರೂ ತಲೆಯಲ್ಲಿ ಕುಳಿತಿದೆ.

ಎರಡನೆಯದೇ ಮುಖ್ಯ. ತೂಕ ಇಳಿದಾಗ ಸ್ತನದೊಳಗಿನ ಕೊಬ್ಬೂ ಕರಗುತ್ತದೆ. ಹಿಗ್ಗಿ ಬಿಗುವು ಕಳೆದುಕೊಂಡ ಚರ್ಮ ಅದರ ಬೆನ್ನಿಗೆ ಕುಗ್ಗುವುದಿಲ್ಲ. ಹಿಟ್ಟು ತೆಗೆದ ಚೀಲದಂತೆ ಕೆಳಗೆ ಬರುತ್ತದೆ. ಈ ‘ಕೆಳಗೆ ಬರುವುದಕ್ಕೆ’ ಏನೆನ್ನೋಣ? ‘ಜೋತುಬಿದ್ದ’ ಎಂದರೆ ಹಳೆಯ ಕುರ್ಚಿಗೆ, ಹಳೆಯ ನಂಬಿಕೆಗೆ ಜೋತುಬಿದ್ದವರು ನೆನಪಾಗುತ್ತಾರೆ. ‘ಜೋಲು’ ಎಂದರೆ ಜೋಲುಮೋರೆ. ಅದರಲ್ಲಿ ಬೈಗುಳದ ವಾಸನೆ ಇದೆ. ‘ಜಾರಿದ’ ಎಂದರೆ ಗರ್ಭಕೋಶ ಜಾರಿದ ಹಾಗೆ, ರೋಗವೇ ಆಗಿಬಿಡುತ್ತದೆ, ಇದು ರೋಗವಲ್ಲ. ಹೆಂಗಸರು ತಮ್ಮ ತಮ್ಮಲ್ಲಿ ಮಾತನಾಡುವಾಗ ‘ಇಳಿದಿದೆ’ ಎನ್ನುತ್ತಾರೆ. ತೂಕವೂ ಇಳಿಯಿತು, ಎದೆಯೂ ಇಳಿಯಿತು. ಒಂದೇ ಕ್ರಿಯಾಪದ ಎರಡು ಕಡೆ ಬಂದರೆ ಗೊಂದಲವಾದೀತೇ ಎಂದು ಹೆದರಿದ್ದೆ. ತಂಗಿಯ ಮಗಳು ನಕ್ಕಳು: “ಗೊಂದಲ ಏನು ಬಂತು, ಆದದ್ದೇ ಅದು.” ಹಾಗಾಗಿ ‘ಇಳಿತ’ ಎಂದು ನಾಮಪದ ಮಾಡಿಕೊಂಡಿದ್ದೇನೆ. ಸಮುದ್ರದ ಇಳಿತ ನೆನಪಾಗುತ್ತದೆ ಎಂದು ಯಾರಾದರೂ ಆಕ್ಷೇಪಿಸಿದರೆ, ಧಾರವಾಡದಲ್ಲಿ ಸಮುದ್ರವಿಲ್ಲ ಎಂಬುದೇ ನನ್ನ ಉತ್ತರ.

ಇಳಿತಕ್ಕೆ ಮೆಟ್ಟಿಲುಗಳಿವೆ. ರೆನ್ಯೊ ಎಂಬ ಶಸ್ತ್ರವೈದ್ಯರು 1976ರಲ್ಲಿ ಮಾಡಿದ ವಿಂಗಡಣೆಯನ್ನು ಇವತ್ತಿಗೂ ಬಳಸುತ್ತಾರೆ. ಸ್ತನದ ಕೆಳಗೆ ಎದೆಗೂಡಿಗೆ ಅಂಟಿಕೊಂಡ ಗೆರೆ ಇದೆಯಲ್ಲ, ತೊಟ್ಟು ಆ ಮಟ್ಟಕ್ಕೆ ಬಂದಿದ್ದರೆ ಒಂದನೆಯ ಮೆಟ್ಟಿಲು. ಗೆರೆ ದಾಟಿ ಕೆಳಗೆ ಹೋಗಿಯೂ ಸ್ತನದ ತೀರ ಕೆಳತುದಿಗಿಂತ ಮೇಲೆ ಇದ್ದರೆ ಎರಡನೆಯದು. ಕೆಳತುದಿಗೇ ಬಂದು ನೆಲ ನೋಡುತ್ತಿದ್ದರೆ ಮೂರನೆಯದು. ತೊಟ್ಟು ತನ್ನ ಜಾಗದಲ್ಲೇ ಇದ್ದು ಕೆಳಭಾಗ ಮಾತ್ರ ಗೆರೆಯ ಕೆಳಗೆ ಬಂದಿರುವುದೂ ಉಂಟು. ಅದನ್ನು ‘ಹುಸಿ ಇಳಿತ’ ಎಂದಿದ್ದೇನೆ. ಹುಸಿನಗೆ, ಹುಸಿಮುನಿಸು ಇರುವಾಗ ಇದೂ ನಡೆಯುತ್ತದೆ ಎಂದುಕೊಂಡಿದ್ದೇನೆ.

ಆ ಗೆರೆಯ ಹೆಸರಿನಲ್ಲೇ ಸಿಕ್ಕಿಬಿದ್ದೆ. ‘ಎದೆಯಡಿಯ ಮಡಿಕೆ’ ಎಂದು ಬರೆದು ಮೈಸೂರಿನ ಗೆಳತಿಗೆ ಕಳಿಸಿದರೆ, “ಎದೆಯಡಿ ಮಡಿಕೆ ಯಾಕಿಟ್ಟೆ, ನೀರು ತುಂಬಲಿಕ್ಕೋ?” ಎಂದು ಉತ್ತರ ಬಂತು. ನಮ್ಮಲ್ಲಿ ನೀರು ತುಂಬುವುದು ಗಡಿಗೆಯಲ್ಲಿ. ಮಡಿಕೆ ಎಂದರೆ ಮಡಚಿದ್ದು ಎಂದೇ ತಿಳಿಯುತ್ತದೆ. ಕೈಪಿಡಿ ಓದುವವರು ಹುಬ್ಬಳ್ಳಿ, ಗದಗ, ಹಾವೇರಿಯವರು. ಅವರಿಗೆ ಮಡಿಕೆ ಸಾಕೇ?

ಇನ್ನು ‘ಎದೆ’ಯೋ, ‘ಸ್ತನ’ವೋ? ಜೇಡರ ದಾಸಿಮಯ್ಯ ‘ಮೊಲೆ’ ಎನ್ನಲು ಹಿಂಜರಿಯಲಿಲ್ಲ. ಇವತ್ತಿಗೂ ಕೂಸಿಗೆ ಮೊಲೆ ಕುಡಿಸುತ್ತೇವೆ, ಯಾರೂ ತಲೆ ತಗ್ಗಿಸುವುದಿಲ್ಲ. ಕೂಸು ಪಕ್ಕಕ್ಕೆ ಸರಿದ ಕೂಡಲೇ ಅದೇ ಪದ ಅಶ್ಲೀಲವಾಗುತ್ತದೆ. ‘ಎದೆ’ ಸಭ್ಯ, ಆದರೆ ಎದೆನೋವು ಎಂದರೆ ಹೃದಯ, ಎದೆಗಾರಿಕೆ ಎಂದರೆ ಧೈರ್ಯ. ಸಹಿ ಮಾಡುವ ಕಾಗದಕ್ಕೆ ಅಷ್ಟು ಅರ್ಥಗಳು ಬೇಡ. ಹಾಗಾಗಿ ‘ಸ್ತನ’ ಉಳಿಸಿದೆ, ಮಾತು ಸರಾಗವಾಗಿ ಸಾಗಬೇಕಾದಲ್ಲಿ ‘ಎದೆ’. ‘ಮೊಲೆತೊಟ್ಟು’ ಮಾತ್ರ ಹಾಗೆಯೇ ಇದೆ. ಅಚ್ಚಿನ ಮನೆಯಲ್ಲಿ ಅದು ಮೂರು ಕಡೆ ‘ಮೂಲೆತೊಟ್ಟು’ ಆಗಿ ಬಂತು. ಅಕ್ಷರ ಜೋಡಿಸಿದ ಹುಡುಗ ನಾಚಿಕೆಗೆ ಮಾಡಿದನೋ, ಕೈತಪ್ಪೋ ಕೇಳಲಿಲ್ಲ.

ಒಳಗಿಡುವ ಸಿಲಿಕೋನ್ ಚೀಲಕ್ಕೆ ‘ಇಂಪ್ಲಾಂಟ್’ ಪದವನ್ನು ಹಾಗೆಯೇ ಬಿಟ್ಟಿದ್ದೇನೆ, ಇದರಲ್ಲಿ ಚೌಕಾಸಿ ಇಲ್ಲ. ಒಂದು ಹಳೆಯ ಕರಪತ್ರದಲ್ಲಿ ‘ಸ್ತನ ಕಸಿ ಇಲ್ಲದೆ’ ಎಂದಿತ್ತು. ಕಸಿ ಎಂದರೆ ಏನೆಂದು ಆಪೂಸು ಮಾವಿನ ಊರಿನವರಿಗೆ ಹೇಳಿಕೊಡಬೇಕೇ? ಎರಡು ಜೀವ ಒಂದಾಗಿ ಬೆಳೆದರೆ ಕಸಿ. ಮೂತ್ರಪಿಂಡಕ್ಕೆ ಒಪ್ಪುತ್ತದೆ. ಸಿಲಿಕೋನ್ ಚೀಲ ಚಿಗುರುವುದಿಲ್ಲ.

ಈಗ ನಿಜವಾಗಿ ತೊಡಕಿರುವ ಕಡೆಗೆ ಬರುತ್ತೇನೆ: ವಿಧಾನಗಳ ಹೆಸರು. ಇಂಗ್ಲಿಷಿನಲ್ಲಿ ಇವಕ್ಕೆ ಗಾಯದ ಗೆರೆಯ ಆಕಾರದ ಮೇಲೆ ಅಡ್ಡಹೆಸರುಗಳಿವೆ. ತೊಟ್ಟಿನ ಸುತ್ತಿನ ಕಪ್ಪು ಭಾಗದ ಅಂಚಿನಲ್ಲಷ್ಟೇ ಕೊಯ್ದರೆ ಅದು ವೃತ್ತ. ಅಲ್ಲಿಂದ ನೇರ ಕೆಳಗೆ ಇನ್ನೊಂದು ಗೆರೆ ಇಳಿದರೆ ಕಡ್ಡಿಗೆ ಸಿಕ್ಕಿಸಿದ ಮಿಠಾಯಿ. ಕೆಳಗಿನ ಮಡಿಕೆಯುದ್ದಕ್ಕೂ ಅಡ್ಡಗೆರೆ ಸೇರಿದರೆ ಲಂಗರು. ಮಿಠಾಯಿಯ ಬದಲು ‘ಸೌಟು’ ಎಂದೆ, ಒಪ್ಪಿಗೆಯಾಯಿತು. ಲಂಗರನ್ನು ಕಾರವಾರದವರು ಕಂಡಿರಬಹುದು. ನಮ್ಮ ಕಡೆ ಅದೇ ಆಕಾರದ ವಸ್ತು ಯಾವುದೆಂದು ಹುಡುಕಿ ‘ಕುಂಟೆ’ ಎಂದು ಹಿಗ್ಗಿದೆ. “ಎದೆಯ ಮೇಲೆ ಕುಂಟೆ ಹೊಡೆಸಿಕೊಳ್ಳಲಿ ಎನ್ನುತ್ತೀಯಾ?” ಎಂದಳು ಹುಡುಗಿ. ಬಿಟ್ಟೆ. ಸದ್ಯ ‘ತಲೆಕೆಳಗಾದ ಟಿ’ ಎಂದಿದೆ.

ದಾರಿ ತೋರಿಸಿದವರು ನಮ್ಮ ಓಣಿಯ ದರ್ಜಿ ಅಕ್ಕ. ತಂಗಿಯ ಮಗಳು ತನ್ನ ಹಳೆಯ ಖಣದ ಕುಬುಸಗಳನ್ನು ಸಣ್ಣದು ಮಾಡಿಸಲು ಅವರಲ್ಲಿಗೆ ಹೋದಾಗ ಜೊತೆಗೆ ಹೋಗಿದ್ದೆ. ಅಕ್ಕ ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಕುಬುಸ ತೊಡಿಸಿ, ಹೆಚ್ಚಾದ ಅರಿವೆಯನ್ನು ಎರಡು ಬೆರಳಿನಲ್ಲಿ ಚಿವುಟಿ ಹಿಡಿದು, ನೀಲಿ ಚಾಕಿನಿಂದ ಗೆರೆ ಎಳೆದರು. “ಕೂತರೆ ಅಳತೆ ಸುಳ್ಳು ಹೇಳುತ್ತದೆ, ನಿಂತೇ ಇರು” ಎಂದರು. ನನಗೆ ರೋಮಾಂಚನವಾಯಿತು. ಕೈಪಿಡಿಯ ಮೂರನೆಯ ಪುಟದಲ್ಲಿ ಇದೇ ಇದೆ: ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯನ್ನು ನಿಲ್ಲಿಸಿ ಪೆನ್ನಿನಿಂದ ಗುರುತು ಹಾಕುತ್ತಾರೆ, ಮಲಗಿದರೆ ಸ್ತನ ಪಕ್ಕಕ್ಕೆ ಸರಿದು ಗುರುತು ತಪ್ಪುತ್ತದೆ. ವೈದ್ಯರಿಗೆ ಹೇಳಿದಾಗ ಅವರು ಅದಕ್ಕಿಂತ ಸ್ವಾರಸ್ಯದ ಸಂಗತಿ ಹೇಳಿದರು. ತಲೆಕೆಳಗಾದ ಟಿ ವಿಧಾನಕ್ಕೆ ಇವತ್ತಿಗೂ ಬಳಸುವ ನಕ್ಷೆಯನ್ನು ರಾಬರ್ಟ್ ವೈಸ್ ಎಂಬವರು 1956ರಲ್ಲಿ ಪ್ರಕಟಿಸಿದ್ದು ಬ್ರಾ ಹೊಲಿಯುವ ಕಾಗದದ ಕತ್ತರಿಕೆಯಿಂದಲೇ. ದರ್ಜಿಯ ನುಡಿಯನ್ನು ನಾವು ಎರವಲು ತರುತ್ತಿಲ್ಲ, ಅದು ಮೊದಲೇ ಅಲ್ಲಿದೆ.

ಅಂದಿನಿಂದ ‘ತಂತ್ರ’ ಪದವನ್ನು ಕಿತ್ತೊಗೆದೆ. ‘ಸ್ತನ ಎತ್ತುವ ತಂತ್ರಗಳು’ ಎಂದರೆ ಯಾರೋ ಹೂಡಿದ ಹೂಟದಂತೆ ಕೇಳುತ್ತದೆ. ಅದರ ಬದಲು ‘ನಮೂನೆ’. ನಮ್ಮ ಕಡೆ ಬಗೆ ಎನ್ನುವುದಕ್ಕೂ ನಮೂನೆಯೇ, ಮಾದರಿ ಎನ್ನುವುದಕ್ಕೂ ನಮೂನೆಯೇ. ವೃತ್ತದ ನಮೂನೆ, ಸೌಟಿನ ನಮೂನೆ, ಟಿ ನಮೂನೆ.

ವೃತ್ತದ ನಮೂನೆಯಲ್ಲಿ ಅಂಚಿಗೆ ಸುತ್ತಲೂ ದಾರ ಹಾಯಿಸಿ ಎಳೆಯುತ್ತಾರೆ. ಬೆನೆಲ್ಲಿ ಎಂಬವರ ಹೆಸರಿನಲ್ಲಿರುವ ಈ ಹೊಲಿಗೆಗೆ ನಾನಿಟ್ಟ ಹೆಸರು ‘ಚಂಚಿ ಹೊಲಿಗೆ’. ಅಜ್ಜಿಯ ಎಲೆಯಡಿಕೆ ಚಂಚಿಯ ದಾರ ಎಳೆದರೆ ಬಾಯಿ ಕೂಡಿಕೊಂಡು ಸುತ್ತ ನೆರಿಗೆ ಬೀಳುತ್ತದಲ್ಲ, ಇಲ್ಲಿಯೂ ಹಾಗೆಯೇ ಬೀಳುತ್ತದೆ, ಕ್ರಮೇಣ ಸಮವಾಗುತ್ತದೆ. ಈ ಹೋಲಿಕೆಯ ಲಾಭ ನೋಡಿ: ಹೆಚ್ಚು ಅರಿವೆಯನ್ನು ಚಂಚಿಯ ಬಾಯಿಗೆ ತುರುಕಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಅಲ್ಪ ಇಳಿತಕ್ಕೆ ಮಾತ್ರ ಇದು ಸರಿ. ಬಹಳ ಸಡಿಲ ಚರ್ಮಕ್ಕೆ ಹಾಕಿದರೆ ಸ್ತನ ಚಪ್ಪಟೆಯಾಗುತ್ತದೆ, ತೊಟ್ಟಿನ ಕಪ್ಪು ಅಗಲವಾಗುತ್ತದೆ. ನಲವತ್ತು ಕಿಲೋ ಇಳಿಸಿದವಳಲ್ಲಿ ಚರ್ಮ ಮೇಲೆ ಕೆಳಗೂ ಹೆಚ್ಚು, ಅಡ್ಡಕ್ಕೂ ಹೆಚ್ಚು. ಅವಳಿಗೆ ಸಾಮಾನ್ಯವಾಗಿ ಟಿ ನಮೂನೆಯೇ ಬೇಕಾಗುತ್ತದೆ. ಗುರುತು ಚಿಕ್ಕದಿರಲಿ ಎಂದು ವೃತ್ತ ಕೇಳುವವರಿಗೆ ಅರ್ಧ ಪುಟದ ವಿವರಣೆ ಬರೆದಿದ್ದೆ. ಚಂಚಿ ಬಂದ ಮೇಲೆ ಅದು ಎರಡು ಸಾಲಾಯಿತು.

ಇನ್ನೊಂದು ಎಡವಟ್ಟು. ಹಿಂದೆ ಇದನ್ನು ಅನುವಾದಿಸಿದವರು ‘ಮೇಲಿನ ಧ್ರುವದ ಪೂರ್ಣತೆ’ ಎಂದು ಬರೆದಿದ್ದರು, ಹಿಮಕರಡಿಯೊಂದೇ ಬಾಕಿ. ‘ಮೇಲುಭಾಗದ ತುಂಬು’ ಎಂದರೆ ಸಾಕು. ಇಲ್ಲಿ ಹೇಳಲೇಬೇಕಾದ ಮಾತು: ಎತ್ತಿದ ಮಾತ್ರಕ್ಕೆ ತುಂಬುವುದಿಲ್ಲ. ಚರ್ಮ ಹಿಡಿಸಿ ತೊಟ್ಟನ್ನು ಮೇಲಕ್ಕೆ ಕೂರಿಸುತ್ತಾರೆ, ಹೊಸದಾಗಿ ಏನನ್ನೂ ಸೇರಿಸುವುದಿಲ್ಲ. ಸ್ತನ ಮೊದಲಿಗಿಂತ ಸಣ್ಣದಾಗಿ ಕಾಣಲೂಬಹುದು. ಇಂಪ್ಲಾಂಟ್ ಬೇಡವೆಂದವರಿಗೆ ಸ್ವಂತ ಮಾಂಸವನ್ನೇ ಬಳಸುವ ಉಪಾಯವಿದೆ. ಕತ್ತರಿಸಿ ಎಸೆಯಬೇಕಾದ ಕೆಳಭಾಗದ ಮೇಲ್ತೊಗಲನ್ನಷ್ಟೇ ಸವರಿ ತೆಗೆದು, ಉಳಿದದ್ದನ್ನು ಒಳಗೆ ಮಡಚಿ ಎದೆಗೂಡಿಗೆ ಹೊಲಿಯುತ್ತಾರೆ. ದರ್ಜಿ ಅಕ್ಕನ ಭಾಷೆಯಲ್ಲಿ ಇದು ‘ಅಸ್ತರ’. ತೂಕ ಇಳಿಸಿದವರಿಗೆ ಕಂಕುಳಿನ ಕೆಳಗೆ ಬೆನ್ನಿನತ್ತ ಹೋಗುವ ಒಂದು ಮಡಿಕೆ ಇರುತ್ತದೆ. ಅದರ ಮಾಂಸವನ್ನೂ ರಕ್ತನಾಳ ಕಡಿಯದೆ ತಿರುಗಿಸಿ ಸ್ತನದೊಳಗೆ ತರಬಹುದು. ಒಂದು ತುದಿ ಮೈಗೆ ಅಂಟಿಯೇ ಇದ್ದು ಇನ್ನೊಂದು ತುದಿ ಬಿಡಿಯಾದ ಇಂಥ ಪಟ್ಟಿಗೆ ವೈದ್ಯರು ‘ಫ್ಲ್ಯಾಪ್’ ಎನ್ನುತ್ತಾರೆ. ನಾನು ‘ಸೆರಗು’ ಎಂದೆ. ಸೆರಗು ಸೀರೆಯಿಂದ ಬೇರೆಯಲ್ಲ, ಆದರೂ ಬೇಕಾದಲ್ಲಿಗೆ ಎಳೆದು ಹೊದ್ದುಕೊಳ್ಳಬಹುದು. ವೈದ್ಯರು ಮೊದಲು ನಕ್ಕರು, ಆಮೇಲೆ ಬರೆದುಕೊಂಡರು.

‘ಕಲೆ ಉಳಿಯುತ್ತದೆ’ ಎಂಬ ವಾಕ್ಯವನ್ನು ಧಾರವಾಡದಂಥ ಸಂಗೀತದ ಊರಿನಲ್ಲಿ ಮುದ್ರಿಸಿದರೆ ಅದು ಭರವಸೆಯ ಮಾತಾಗುತ್ತದೆ! ‘ಹೊಲಿಗೆಯ ಗುರುತು ಉಳಿಯುತ್ತದೆ, ಮೊದಮೊದಲು ಕೆಂಪಾಗಿ ಉಬ್ಬಿ, ತಿಳಿಯಾಗಲು ಒಂದು ವರ್ಷ ಅಥವಾ ಹೆಚ್ಚು ಬೇಕು’ ಎಂದು ಬದಲಿಸಿದೆ. ತೊಟ್ಟಿನ ಸ್ಪರ್ಶ ಕಡಿಮೆಯಾಗಬಹುದು, ಮುಂದೆ ಕೂಸಿಗೆ ಹಾಲು ಕುಡಿಸಲು ತೊಂದರೆಯಾಗಬಹುದು, ಕಾಲ ಕಳೆದಂತೆ ಸ್ವಲ್ಪ ಮತ್ತೆ ಇಳಿಯಬಹುದು ಎಂಬಲ್ಲಿ ಪದಗಳ ತಕರಾರು ಬರಲಿಲ್ಲ.

‘ಧೂಮಪಾನ ನಿಲ್ಲಿಸಬೇಕು’ ಎಂಬಲ್ಲಿ ಬಂತು. ನಮ್ಮ ಹೆಂಗಸರು ಅದನ್ನು ಓದಿ, ಇದು ನಮಗಲ್ಲ, ಗಂಡಸರಿಗೆ ಎಂದು ಪುಟ ತಿರುವುತ್ತಾರೆ. ಆದರೆ ರಕ್ತನಾಳ ಕುಗ್ಗಿಸಿ ಗಾಯ ಮಾಯದಂತೆ ಮಾಡುವುದು ನಿಕೋಟಿನ್. ಅದು ಎಲೆಯಡಿಕೆಯ ಜೊತೆ ಹಾಕುವ ತಂಬಾಕಿನಲ್ಲಿಯೂ ಇದೆ, ಹಲ್ಲಿಗೆ ತಿಕ್ಕುವ ತಂಬಾಕಿನ ಪುಡಿಯಲ್ಲಿಯೂ ಇದೆ. ‘ಬೀಡಿ, ಸಿಗರೇಟು, ಎಲೆಯ ಜೊತೆಗಿನ ತಂಬಾಕು, ಹಲ್ಲುಪುಡಿಯ ತಂಬಾಕು ಎಲ್ಲವನ್ನೂ’ ಎಂದು ಬಿಡಿಸಿ ಬರೆದೆ. ನಾಲ್ಕನೆಯ ಪುಟದಲ್ಲಿ ಚಂಚಿ ಹೊಲಿಗೆ, ಆರನೆಯದರಲ್ಲಿ ಚಂಚಿ ಬಿಡಿ ಎಂಬ ಬುದ್ಧಿಮಾತು. ಇರಲಿ.

ನನ್ನ ಪ್ರಶ್ನೆಗಳು ಇವು. ಅಸ್ತರ, ಸೆರಗು, ಚಂಚಿ ಹೊಲಿಗೆ, ಇವು ಮಾತಿನಲ್ಲಿ ಚೆಂದ. ಸಹಿ ಬೀಳುವ ಕಾಗದದಲ್ಲಿ, ನಾಳೆ ವಕೀಲರೊಬ್ಬರು ಓದಬಹುದಾದ ಕಾಗದದಲ್ಲಿ, ನಿಲ್ಲುತ್ತವೆಯೇ? ಆಸ್ಪತ್ರೆಯ ಕಾಗದಗಳ ಅನುಭವ ಇರುವವರು ಹೇಳಬೇಕು. ‘ಕೂರಿಸು’ ಎಂದಿದ್ದೇನೆ, ನಮ್ಮ ಬಾಯಲ್ಲಿರುವುದು ‘ಕೂಡ್ರಿಸು’. ಎಂಟು ಪುಟಗಳಲ್ಲಿ ಹನ್ನೊಂದು ಸಲ ಬರುವ ಪದ, ಯಾವುದನ್ನು ಇಡಲಿ? ತಲೆಕೆಳಗಾದ ಟಿಗೆ ಕನ್ನಡದ ವಸ್ತುವೊಂದು ಹೊಳೆದರೆ ತಿಳಿಸಿ, ಕುಂಟೆ ಒಂದನ್ನು ಬಿಟ್ಟು.

ಕೊನೆಯದು ಹಾವೇರಿ, ರಾಣೆಬೆನ್ನೂರು ಕಡೆಯ ಹೆಂಗಸರಿಗೆ. ಎದೆಯಡಿ ಬೆವರು ನಿಂತು ಕೆಂಪಾಗಿ ಉರಿಯುವ ಆ ಜಾಗಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ? ಮಡಿಕೆಗಿಂತ ಒಳ್ಳೆಯ ಪದ ಯಾವುದೋ ಅಜ್ಜಿಯ ಬಾಯಲ್ಲಿ ಇದ್ದೇ ಇರಬೇಕು. ಸೋಮವಾರದೊಳಗೆ ಸಿಕ್ಕರೆ ಮೂರನೆಯ ಪುಟಕ್ಕೆ ಸೇರಿಸಲು ಇನ್ನೂ ಸಮಯವಿದೆ.