ರಿಬೌಂಡ್‌ಗೆ ಹಾರಿ ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತೆ, ತಿದ್ದಬೇಕಾ?

ಪ್ರಶ್ನೆ – ದೈಹಿಕ ಶಿಕ್ಷಕ, ಚಿಕ್ಕಮಗಳೂರು
ಮೇಡಂ, ಪ್ರೌಢಶಾಲೆ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ, 13ರಿಂದ 15 ವರ್ಷ. ರಿಬೌಂಡ್‌ಗೆ, ಅಂದ್ರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡಿಗೆ, ಹಾರಿ ಇಳಿಯುವಾಗ ಇಬ್ಬರ ಮಂಡಿ ಒಳಕ್ಕೆ ವಾಲುತ್ತೆ. ನೋವಿಲ್ಲ ಅಂತಾರೆ. ಬೆಳೀತಾ ಸರಿಹೋಗುತ್ತಾ? ನಮ್ಮದು ಸಿಮೆಂಟ್ ಕೋರ್ಟು.

ಉತ್ತರ – ಕ್ರೀಡಾ ಫಿಸಿಯೋಥೆರಪಿಸ್ಟ್, ಹಾಸನ
ಕಾಯಬೇಡಿ ಸರ್, ಈಗಲೇ ತಿದ್ದಿ. ನೋವಿಲ್ಲ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ಮಂಡಿಯೊಳಗೆ ತೊಡೆಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಹಿಡಿದಿಡುವ ಎಸಿಎಲ್ ಅನ್ನೋ ಲಿಗಮೆಂಟ್ (ಗಟ್ಟಿ ಪಟ್ಟಿ) ಬಹುಪಾಲು ಯಾರೂ ಡಿಕ್ಕಿ ಹೊಡೆಯದೆಯೇ, ಇಳಿಯುವಾಗ ಇಲ್ಲವೇ ಓಟದಲ್ಲಿ ಥಟ್ಟನೆ ತಿರುಗುವಾಗ ಹರಿಯುತ್ತೆ. ಪಾದ ನೆಲ ಮುಟ್ಟಿದ ಸುಮಾರು 50 ಮಿಲಿಸೆಕೆಂಡಿನೊಳಗೆ ಕೆಲಸ ಮುಗಿದಿರುತ್ತೆ. ಯೋಚಿಸಿ ಸರಿಪಡಿಸಿಕೊಳ್ಳೋಕೆ ಪುರುಸೊತ್ತಿಲ್ಲ. ಹುಡುಗಿಯರಲ್ಲಿ ಇದು ಹುಡುಗರಿಗಿಂತ ಹೆಚ್ಚು.

ಮೊದಲು ಪರೀಕ್ಷೆ. 30 ಸೆಂ.ಮೀ. ಎತ್ತರದ ಗಟ್ಟಿ ಪೆಟ್ಟಿಗೆಯಿಂದ ಇಳಿದು, ನೆಲ ಮುಟ್ಟಿದ ಕೂಡಲೇ ಮೇಲಕ್ಕೆ ಹಾರಲಿ. ಮೊಬೈಲನ್ನು ಮಂಡಿಯೆತ್ತರದಲ್ಲಿಟ್ಟು ಮುಂದಿನಿಂದಲೂ ಪಕ್ಕದಿಂದಲೂ ಸ್ಲೋಮೋಷನ್‌ನಲ್ಲಿ ತೆಗೀರಿ. ಮಂಡಿಚಿಪ್ಪು ಹೆಬ್ಬೆರಳಿಗಿಂತ ಒಳಗೆ ಬಂತಾ? ಕಾಲು ಕೋಲಿನಂತೆ ನೆಟ್ಟಗಿತ್ತಾ? ಎರಡೂ ಪಾದ ಒಟ್ಟಿಗೆ ಮುಟ್ಟಿದವಾ?

ಕೋರ್ಟಿನ ಪಕ್ಕ ನಿಂತು "ಮಂಡಿ ಬಗ್ಗಿಸು" ಅಂತ ಕೂಗಿದರೆ ಅರ್ಧ ಕೆಲಸ ಅಷ್ಟೆ. ಸೊಂಟ ಹಿಂದಕ್ಕೆ ಹೋಗದಿದ್ದರೆ ಭಾರವೆಲ್ಲ ಮಂಡಿಚಿಪ್ಪಿನ ಸುತ್ತಲೇ ಬೀಳುತ್ತೆ. "ಕುರ್ಚಿ ಮೇಲೆ ಕೂರೋ ಹಾಗೆ ಇಳಿ, ಸದ್ದು ಬರಬಾರದು" ಅನ್ನಿ. ಮುಂಗಾಲು ಮೊದಲು, ಹಿಮ್ಮಡಿ ಆಮೇಲೆ.

ವಾರಕ್ಕೆ 3 ದಿನ, ವಾರ್ಮ್‌ಅಪ್‌ನಲ್ಲೇ 15 ನಿಮಿಷ. ಮೊದಲೆರಡು ವಾರ ಹಾರಿ ಇಳಿದು 3 ಸೆಕೆಂಡ್ ಅಲುಗದೆ ನಿಲ್ಲೋದು, 6 ಸಲದಂತೆ 3 ಸುತ್ತು. ಮುಂದೆ ಒಂಟಿ ಕಾಲಲ್ಲಿ, ಆಮೇಲೆ ಗಾಳಿಯಲ್ಲೇ 90 ಡಿಗ್ರಿ ತಿರುಗಿ. ಕೊನೆಗೆ ಚೆಂಡು ಹಿಡಿದು ಇಳಿಯಲಿ. ಕಣ್ಣು ಚೆಂಡಿನ ಮೇಲಿದ್ದಾಗಲೇ ಹಳೇ ತಪ್ಪು ಮರಳೋದು. ಸಿಮೆಂಟ್ ಮೇಲೆ ದಿನಕ್ಕೆ 60 ಹಾರಾಟ ದಾಟಿಸಬೇಡಿ. ನಿಮ್ಮ ಮಳೆಗಾಲದಲ್ಲಿ ಪಾಚಿ ಕಟ್ಟಿದ ಕೋರ್ಟಂತೂ ಬೇಡವೇ ಬೇಡ, ಶಾಲೆಯ ಜಗಲಿ ಸಾಕು.

ಪ್ರಶ್ನೆ – ಪೋಷಕರು, ಹಾಸನ
ಮಗನಿಗೆ 13. ಮಂಡಿ ಕೆಳಗೆ ಗಂಟಿನ ಹಾಗೆ ಉಬ್ಬಿ ನೋಯುತ್ತೆ. ನೀಕ್ಯಾಪ್ ಹಾಕಿ ಆಡಿಸಬಹುದಾ ಮೇಡಂ?

ಉತ್ತರ
ಚಿಪ್ಪಿನ ಕೆಳಗೆ, ಕಣಕಾಲಿನ ಮೂಳೆ ಶುರುವಾಗೋ ಕಡೆ ಉಬ್ಬಿದ್ದರೆ ಆಸ್‌ಗುಡ್-ಶ್ಲಾಟರ್ ಇರಬಹುದು. ಬೆಳೆಯುತ್ತಿರುವ ಮೂಳೆಯನ್ನು ತೊಡೆಸ್ನಾಯು ಎಳೆದೆಳೆದು ಬರುವ ನೋವದು. ಒಮ್ಮೆ ತೋರಿಸಿ ಖಚಿತಪಡಿಸಿಕೊಳ್ಳಿ. ಆಡುವಾಗ ನೋವು 10ಕ್ಕೆ 3 ದಾಟದೆ, ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಆಡಲಿ, ಹಾರಾಟ ಮಾತ್ರ ಅರ್ಧಕ್ಕಿಳಿಸಿ. ನೀಕ್ಯಾಪ್ ಮಂಡಿ ಬೆಚ್ಚಗಿಡುತ್ತೆ, ಇಳಿಯೋದು ಕಲಿಸಲ್ಲ.

"ಟಪ್" ಅಂತ ಸದ್ದಾಗಿ ಕೆಲವೇ ಗಂಟೆಯಲ್ಲಿ ಊದಿಕೊಂಡರೆ, ಮಂಡಿ ಕೈಕೊಟ್ಟರೆ ಆಟ ಅಲ್ಲಿಗೇ ನಿಲ್ಲಿಸಿ. ಎಣ್ಣೆ ಹಚ್ಚಿ ನೀವಿಸಬೇಡಿ, ಸೀದಾ ಮೂಳೆ ಡಾಕ್ಟರ್ ಹತ್ತಿರ ಹೋಗಿ.